ಕಡೇ ಲಾಂಚ್

ಶರಾವತಿ ಹಿನ್ನೀರಿಗೆ ಸೇತುವೆ ಆದ ಮೇಲೆ ನಾವಿಬ್ಬರೂ ಸಾಗರದಿಂದ ಕಡಲಿಗೆ ಹೊರಟಿದ್ದು ಅದೇ ಮೊದಲು. ಕಾರು ಓಡಿಸುತ್ತಿದ್ದವಳು ನಾನು. ಸೇತುವೆ ಹತ್ತಿರ ಬರುತ್ತಿದ್ದಂತೆ ನಮ್ಮನೆಯವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಕೈ ಹಾಕಿದರು. ಹಿಂದೆ ಕಾರು, ಬಸ್ಸುಗಳನ್ನೆಲ್ಲ ಲಾಂಚ್ ಹೊತ್ತು ದಾಟಿಸುತ್ತಿತ್ತು; ಅದಕ್ಕೆ ಗಾಡಿ ಹತ್ತಿಸುವಾಗ ಡ್ರೈವರ್ ಬಿಟ್ಟು ಉಳಿದವರೆಲ್ಲ ಇಳಿಯಬೇಕಿತ್ತು. ಅದೇ ಅಭ್ಯಾಸ.

"ರೀ, ಎಲ್ಲಿಗ್ ಇಳೀತೀರಾ? ಸುಮ್ನೆ ಕೂತ್ಕೊಳ್ಳಿ!" ಎಂದು ನಗುತ್ತಲೇ ಗದರಿದೆ. ಲಾಂಚಿಗಾಗಿ ಕಾದು ಕಾದು ಮಂಡಕ್ಕಿ ತಿನ್ನುತ್ತಿದ್ದ ದಡ ಹಿಂದೆ ಸರಿಯಿತು. ಕೆಳಗೆಲ್ಲ ನೀರು, ಮುಖಕ್ಕೆ ಗಾಳಿ. ಖುಷಿಗೆ ಸುಮ್ಮಸುಮ್ಮನೆ ಹಾರ್ನ್ ಹೊಡೆದೆ.

ಘಟ್ಟ ಇಳಿದು, ಕೊಲ್ಲೂರು ದಾಟಿ ಮರವಂತೆ ಮುಟ್ಟಿದೆವು. ಅಲೆಗಳಲ್ಲಿ ಮನಸೋ ಇಚ್ಛೆ ಆಡಿ ಮರಳಲ್ಲಿ ಕೂತಿದ್ದಾಗ ಬಿಸಿಲು ಇಳಿಯತೊಡಗಿತು. ಇವರು ದಡಬಡನೆ ಎದ್ದರು.

"ಏಳೇ, ಕಡೇ ಲಾಂಚ್ ತಪ್ಪಿದ್ರೆ ನಗರ, ಹೊಸನಗರ ಸುತ್ಕೊಂಡು ಹೋಗ್ಬೇಕಾಗತ್ತೆ!"

ಬೆಳಿಗ್ಗೆ ಅವರನ್ನು ಗದರಿದ್ದ ನಾನೂ ಚಪ್ಪಲಿ ಕೈಯಲ್ಲಿ ಹಿಡಿದು ಕಾರಿನ ತನಕ ಓಡಿದೆ. ಕೀಲಿ ತಿರುಗಿಸುವಾಗ ಇಬ್ಬರಿಗೂ ಒಟ್ಟಿಗೇ ಸೇತುವೆ ನೆನಪಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕು, ವಾಪಸು ಹೋಗಿ ಅದೇ ಮರಳಲ್ಲಿ ಕೂತೆವು.

ಮದುವೆಯಾದಾಗಿನಿಂದ ಆ ಕಡಲಿಗೆ ಎಷ್ಟೋ ಸಲ ಬಂದಿದ್ದೇವೆ. ಸೂರ್ಯ ಅದರಲ್ಲಿ ಮುಳುಗುವುದನ್ನು ನೋಡಿದ್ದು ಮಾತ್ರ ಅವತ್ತೇ.