ಖಾಜಾಸಾಬನ ಮುಂದಿನ ಬ್ರೇಕು

ಶಲವಡಿಯ ಸುತ್ತಿನ ಹಳ್ಳಿಗಳಲ್ಲಿ ಖಾಜಾಸಾಬನ ಕೈಯಿಂದ ಬಳೆ ಇಡಿಸಿಕೊಳ್ಳದ ಹೆಣ್ಣುಮಕ್ಕಳು ಕಡಿಮೆ. ಹಳೇ ಬುಲೆಟ್ ಗಾಡಿಯ ಹಿಂದೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಮೂವತ್ತೈದು ವರ್ಷ ಊರೂರು ತಿರುಗಿದವನು. ಎಂಥ ಬಿರುಸು ಕೈಯಿದ್ದರೂ ಹಿಟ್ಟು ನಾದಿದಂತೆ ಮೆದುಮಾಡಿ, ಮಾತಿನಲ್ಲಿ ಮರೆಸಿ, "ಆತವ್ವ, ಮುಗೀತು" ಅನ್ನುವುದರೊಳಗೆ ಡಜನ್ ಬಳೆ ಏರಿಸಿಬಿಡುತ್ತಿದ್ದ.

ಆ ಗಾಡಿಗೆ ನಾನೊಬ್ಬನೇ ಮಿಸ್ತ್ರಿ. ಯಾರ ಕೈಕೆಳಗೂ ಕಲಿತವನಲ್ಲ ನಾನು. ಬಿಚ್ಚಿ ಬಿಚ್ಚಿ, ಜೋಡಿಸಿ ಜೋಡಿಸಿ ಕಲಿತೆ. ಹುಬ್ಬಳ್ಳಿಯವರು ಕೈಬಿಟ್ಟ ಗಾಡಿಗಳೂ ನನ್ನ ಅಂಗಳದಿಂದ ಗುಡುಗುತ್ತ ಹೋಗಿವೆ.

ಹೋದ ಯುಗಾದಿ ಮುಗಿದ ಮೇಲೆ ಖಾಜಾ ಗಾಡಿ ತಂದು ನಿಲ್ಲಿಸಿದ.

"ಅಂದಾನೆಪ್ಪಣ್ಣ, ಮುಂದಿನ ಬ್ರೇಕ್ ಹತ್ತವಲ್ದುರಿ. ಮತ್ತ ಗಾಡಿ ಎಡಕ್ಕ ಎಳ್ಯಾಕತ್ತೈತಿ."

"ಎಡಕ್ಕ ಯಾವಾಕಿ ಮನಿ ಐತಿ ನೋಡ್ಕೊಳ್ಲೇ."

"ಈ ವಯಸ್ಸಿಗೆ ದವಾಖಾನಿ ಅಷ್ಟ ಎಳೀತೈತ್ರಿ," ಎಂದು ನಕ್ಕ.

ಗಾಲಿ ಬಿಚ್ಚಿದೆ. ಲೈನರಿನಲ್ಲಿ ಇನ್ನೂ ಜೀವವಿತ್ತು, ಡ್ರಮ್ಮಿನಲ್ಲಿ ಎಣ್ಣೆಯ ಪಸೆ ಇರಲಿಲ್ಲ. ಉಸುಕಿನ ಕಾಗದದಿಂದ ಎರಡನ್ನೂ ತಿಕ್ಕಿ, ಹೊಸ ಕೇಬಲ್ ಹಾಕಿ, ಗಾಲಿ ಕೂರಿಸಿದೆ. ಕೊನೆಯ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಬಲಗಡೆಯ ಬ್ರೇಕಿನ ಹಿಡಿಕೆಯನ್ನು ಜೋರಾಗಿ ಹಿಚುಕಿ ಹಿಡಿದರೆ ಲೈನರು ಅಂಟಿಸಿದ ಒಳಗಿನ ಎರಡೂ ಶೂ ಡ್ರಮ್ಮಿಗೆ ಒತ್ತಿ, ಅವನ್ನು ಹೊತ್ತ ಪ್ಲೇಟು ನಟ್ಟನಡುವೆ ಕೂಡುತ್ತದೆ. ಆಗಲೇ ಇನ್ನೊಬ್ಬರು ಗಾಲಿಯ ನಟ್ ಬಿಗಿಯಬೇಕು. ಹಿಡಿಯುವವನು ಯಾವಾಗಲೂ ಖಾಜಾ, ಬಿಗಿಯುವವನು ನಾನು. ಆಮೇಲೆ ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ಎರಡೂ ಬಾಜು ದಾರ ಎಳೆದು ನೋಡಿದೆ. ಕೂರಿಗೆಯ ಸಾಲಿನಂತೆ ನೇರ.

ತನ್ನ ಗಾಡಿಯನ್ನು ಬೇರೆಯವರು ಹತ್ತುವುದು ಅವನಿಗೆ ಸೇರುತ್ತಿರಲಿಲ್ಲ. ತಾನೇ ಓಡಿಸಿಕೊಂಡು ಹೋದ. ಎಂಟು ದಿನಕ್ಕೆ ಮತ್ತೆ ಬಂದ. ಅದೇ ದೂರು. ಮತ್ತೆ ಬಿಚ್ಚಿದೆ, ಮತ್ತೆ ದಾರ ಎಳೆದೆ. ಮೂರನೆಯ ಸಲ ಬಂದಾಗ ನಟ್ ಬಿಗಿಯುವ ಪಾನಾ ನೆಲಕ್ಕೆ ಕುಕ್ಕಿದೆ.

"ಅಣ್ಣಾಗ ವಯಸ್ಸಾತು," ಎಂದ ಖಾಜಾ.

"ನಿನಗ ಗಾಡಿ ಹೊಡ್ಯಾಕ ಬರವಲ್ದು, ಮಗನ."

ಅವತ್ತು ಶುಕ್ರವಾರ. ಅವನು ನಮಾಜಿಗೆ ಹೋದ. ಕಾಯುವ ತಾಳ್ಮೆ ನನಗಿರಲಿಲ್ಲ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಹಿಡಿಕೆಯನ್ನು ಬಿಗಿದು ಕಟ್ಟಿ, ಒಬ್ಬನೇ ನಟ್ ಬಿಗಿದೆ. ಕೆರೆಯ ತನಕ ನಾನೇ ಓಡಿಸಿದೆ. ಬ್ರೇಕು ಹಿಡಿದರೆ ಗಾಡಿಯ ಮೂತಿ ನೆಲಕ್ಕೆ ಬಗ್ಗುವಂತೆ ಕಚ್ಚಿತು. ಎರಡೂ ಕೈ ಸಡಿಲಬಿಟ್ಟೆ. ಗಾಡಿ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ.

ಅವನ ಕೈ ತಾಗದ ಈ ಒಂದು ಸಲ ಮಾತ್ರ ಎಲ್ಲ ಸರಿಯಾಗಿತ್ತು. ತಿರುಗಿ ಬರುವಾಗ ಗಾಡಿಯನ್ನು ಮೆಲ್ಲಗೆ ಓಡಿಸಿದೆ.

ಖಾಜಾ ಬಂದು ಕೂತಿದ್ದ. ನನ್ನ ಕೈ ಮುಂದೆ ಚಾಚಿ, "ಹಿಚುಕು," ಎಂದೆ. ಎಡಗೈಯಲ್ಲಿ ಹಿಚುಕಿದ, ಎಲುಬು ನೊಂದವು. "ಬಲಗೈ," ಎಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ಬಲಗೈ ಕೊಟ್ಟ. ಗುಬ್ಬಿ ಬಂದು ಕೂತಷ್ಟೇ ಭಾರ.

"ಮೂರು ತಿಂಗಳಾತ್ರಿ," ಎಂದ. "ನರ ಒಣಗ್ಯಾವಂತ. ತಿರುಗಿ ಬರೂದಿಲ್ಲ ಅಂದ್ರು ಡಾಕ್ಟರ್. ಅಂಗಿ ಗುಂಡಿ ನಮ್ಮ ಮನ್ಯಾಕಿ ನಸೀಮಾಬಿನ ಹಾಕ್ತಾಳ."

"ಮತ್ತ ಮೂರು ಸಲ ನನ್ನ ಹಂತ್ಯಾಕ ಯಾಕ ಬಂದ್ಯೋ?"

"ಬ್ರೇಕಿನಾಗೂ ಒಂದೀಟು ತಪ್ಪು ಸಿಕ್ರ, ಕೈಯಾಂದು ಅಷ್ಟರ ಕಡಿಮಿ ಆಕ್ಕಿತ್ತಲ್ರಿ."

ಅವನೇ ಮುಂದುವರಿಸಿದ. ಮೊನ್ನೆ ಒಬ್ಬ ಬಸುರಿಗೆ ಹಸಿರು ಬಳೆ ಇಡಿಸುವಾಗ ಮೂರು ಬಳೆ ಅವನ ಹಿಡಿತದಲ್ಲೇ ಒಡೆದು ಆಕೆಯ ಮುಂಗೈಗೆ ರಕ್ತ ಬಂದಿತ್ತು. ಮನೆಯವರು ಒಂದು ಮಾತೂ ಆಡದೆ ಚೂರು ಆರಿಸಿದರಂತೆ.

"ಬೈದಿದ್ರ ಚಲೋ ಇತ್ತು. ಇನ್ನ ಹೋಗಂಗಿಲ್ರಿ ನಾ. ಗಾಡಿ ಇಲ್ಲೇ ಇರ್ಲಿ. ಯಾರರ ಕೇಳಿದ್ರ ಖಾಜಾನ ಕೈ ಹೋತು ಅನಬ್ಯಾಡ್ರಿ. ಗಾಡಿ ಹೋತು ಅನ್ರಿ."

"ಗಾಡಿ ನನ್ನ ಅಂಗಳದಾಗ ಹೋತು ಅಂತ ಹೆಂಗ ಅನ್ಲೋ?"

"ಅದಕ್ಕ ನಿಮ್ಮನ್ನ ಕೇಳಾಕತ್ತೀನ್ರಿ. ನಿಮ್ಮಿಂದ ಆಗ್ಲಿಲ್ಲ ಅಂದ್ರ ಎಲ್ಲಾರೂ ನಂಬ್ತಾರ."

ಶ್ರಾವಣದಲ್ಲಿ ನಮ್ಮ ಓಣಿಯ ಮಲ್ಲಕ್ಕ ಅಂಗಳಕ್ಕೆ ಬಂದು ನಿಂತಳು.

"ಬಳಿಗಾರ ಯಾಕ ಬರವಲ್ಲ? ನನಗ ಅವನ ಕೈಲೇನ ಬಳಿ ಆಗಬೇಕು."

"ಅವನ ಗಾಡಿ ಕೆಟ್ಟೈತಿ."

"ನೀ ಅದೀಯಲ್ಲ."

"ನನ್ನ ಕಡಿಂದ ಆಗಲಿಲ್ಲ, ಮಲ್ಲಕ್ಕ."

"ಹಂಗಾರ ಅಂಗಡಿಗೆ ಕೀಲಿ ಹಾಕು, ಮುದುಕಾ! ಇಷ್ಟು ದಿವಸ ಮೀಸಿ ತಿರುವಿದ್ದು ಎದಕ್ಕ?"

ನಗುತ್ತ ಹೋದಳು. ನಾನು ಪಾನಾ ಒರೆಸುತ್ತ ತಲೆ ಎತ್ತಲಿಲ್ಲ. ಬೆನ್ನ ಹಿಂದೆ, ಗೋಣಿತಟ್ಟು ಹೊದಿಸಿದ ಬುಲೆಟ್ ನಿಂತಿತ್ತು. ಅದರ ಬ್ರೇಕು ಹುಟ್ಟಿದಂದಿನಿಂದ ಅಷ್ಟು ಚಂದ ಹಿಡಿದಿರಲಿಲ್ಲ.