ಈಶ್ವರಮಂಗಲಕ್ಕೆ ಕೊಟ್ಟ ಹೇಳಿಕೆ

ನಮ್ಮ ಕಡೆ ಎಷ್ಟೇ ಚಂದದ ಮದುವೆ ಕಾಗದ ಮಾಡಿಸಿದರೂ, ಮನೆಗೆ ಹೋಗಿ ಬಾಯಿ ತುಂಬ ಕರೆಯದಿದ್ದರೆ ಅದು ಹೇಳಿಕೆಯೇ ಅಲ್ಲ. ಮಗಳ ಮದುವೆಗೆ ಹೇಳಲು ನಾನೂ ಗಂಡನೂ ಸುಳ್ಯದಿಂದ ಹೊರಟು ಮೂರು ತಾಲೂಕು ತಿರುಗಿದೆವು. ಕರೆಯುವುದೂ ಆಯಾ ಮನೆಯ ಭಾಷೆಯಲ್ಲೇ. ನೆಂಟರಲ್ಲಿ ನಮ್ಮ ಮನೆಮಾತು ಅರೆಭಾಷೆ, ಕಡಬ ಪೇಟೆಯಲ್ಲಿ ತುಳು, ಇಚಿಲಂಪಾಡಿಯ ರಬ್ಬರು ತೋಟದವರ ಮನೆಯಲ್ಲಿ ಮಲಯಾಳ. ನನ್ನ ಮಲಯಾಳ ಕೇಳಿ ಅವರ ನಾಯಿಯೂ ಬೊಗಳುವುದನ್ನು ನಿಲ್ಲಿಸಿತು, ಅಷ್ಟು ಚಂದ! ದೇಶಕ್ಕೆಲ್ಲ ಒಂದೇ ಭಾಷೆ ಸಾಕೆಂದು ಟಿವಿಯಲ್ಲಿ ಕಿರುಚುವವರನ್ನು ಒಂದು ದಿನ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಬೇಕಿತ್ತು.

ಉಳಿದದ್ದು ಈಶ್ವರಮಂಗಲದ ಒಂದು ಬ್ಯಾರಿ ಮುಸ್ಲಿಮರ ಮನೆ. ನನ್ನ ತವರು ಅಲ್ಲೇ ಹತ್ತಿರ. ಹೈಸ್ಕೂಲಿಗೆ ಹೋಗುವಾಗ ಬಸ್ಸು ತಪ್ಪಿದರೆ ಅವರ ಅಂಗಡಿಯ ಜಗಲಿಯೇ ನನಗೆ ಗತಿ. ಆ ಮನೆಯ ಅಮ್ಮ, ನನಗೂ ಉಮ್ಮ, ಒಳಗಿನಿಂದ ಚಾ, ರೊಟ್ಟಿ ತಂದುಕೊಡುತ್ತಿದ್ದರು. ಬ್ಯಾರಿ ಭಾಷೆ ಕಲಿತದ್ದೂ ಅವರ ಬಾಯಿಯಿಂದಲೇ, ಬೈಗುಳ ಮೊದಲು.

ಅಲ್ಲಿಗೆ ಹೊರಡುವ ಹಿಂದಿನ ದಿನ ನನ್ನ ಅಣ್ಣ ಬಂದ. "ಅವರನ್ನು ಈ ಸಲ ಬಿಡು. ಕಾಲ ಸರಿ ಇಲ್ಲ. ಯಾರಾದ್ರೂ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ರೆ ನಾನು ಊರಲ್ಲಿ ತಲೆ ಎತ್ತಿ ತಿರುಗುದು ಹೇಗೆ?"

"ಅವರು ನಿನಗೆ ಎಂತ ಮಾಡಿದ್ದಾರೆ?"

"ಎಂತದೂ ಮಾಡ್ಲಿಲ್ಲ. ವಿಷಯ ಅದಲ್ಲ."

ನನ್ನ ಮೈ ಉರಿದುಹೋಯಿತು. ಕಂಪೆನಿ ಸರಕಾರದ ವಿರುದ್ಧ ಎದ್ದು ಮಂಗಳೂರಿಗೇ ದಂಡೆತ್ತಿ ಹೋದ ಸುಳ್ಯದ ರೈತರ ಬಗ್ಗೆ ಶಾಲೆಯಲ್ಲಿ ವರ್ಷ ವರ್ಷ ಭಾಷಣ ಬಿಗಿಯುವವನು ಇವನೇ. ನಮ್ಮದು ಆ ರಕ್ತ ಎಂದು ಎದೆ ಬೇರೆ ತಟ್ಟಿಕೊಳ್ಳುತ್ತಾನೆ.

"ಕಂಪೆನಿಯ ಕೋವಿಗೆ ಹೆದರದ ರಕ್ತ ಒಂದು ಮೊಬೈಲಿಗೆ ಹೆದರಿತಾ ಅಣ್ಣ?" ಎಂದೆ.

ಅವನ ಮುಖ ಕೆಂಪಾಯಿತು. "ಅವರು ಬಂದ್ರೆ ಹುಡುಗಿಯನ್ನು ಮಂಟಪಕ್ಕೆ ನಾನು ಕರ್ಕೊಂಡು ಬರುದಿಲ್ಲ. ಈಗಲೇ ಹೇಳಿದ್ದೇನೆ."

ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಮಾವನಿದ್ದೂ ಅವನಿಲ್ಲದೆ ಹೊರಟ ಹುಡುಗಿಯನ್ನು ನಾನಂತೂ ಕಂಡದ್ದಿಲ್ಲ. ಗಂಡ ತಲೆಯ ಮೇಲೆ ಕೈ ಹೊತ್ತು ಕೂತರು. ಮಾತಾಡಿದ್ದು ಮಗಳು: "ಮಾವ ಬಾರದಿದ್ರೆ ಬೇಡ ಅವ್ವ. ನೀನು ಹೋಗಿ ಹೇಳಿ ಬಾ."

ಹೋದೆ. ಉಮ್ಮನಿಗೆ ಈಗ ಹಲ್ಲಿಲ್ಲ, ಕಿವಿ ಮಾತ್ರ ಚುರುಕು. ನನ್ನ ಹರಕು ಬ್ಯಾರಿಯನ್ನು ಮಾತುಮಾತಿಗೆ ತಿದ್ದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಬರುತ್ತೇನೆಂದು ಮಾತು ಕೊಟ್ಟರು.

ಮದುವೆಯ ದಿನ ಅಣ್ಣ ಬಂದ. ಬಂದವನು ಸಭಾಭವನದ ಬಾಗಿಲಲ್ಲಿ ಕೈಕಟ್ಟಿ ಕೂತ. ಉಮ್ಮನೂ ಮಗ ಸೊಸೆಯ ಜೊತೆ ಬಂದು ಎದುರಿನ ಸಾಲಿನಲ್ಲೇ ಕೂತಿದ್ದರು. ಮುಹೂರ್ತ ಹತ್ತಿರವಾಯಿತು. ಸೋದರಮಾವ ಬರಬೇಕು ಎಂದು ಮಂಟಪದಿಂದ ಕರೆದರು. ಅಣ್ಣ ಏಳಲಿಲ್ಲ. ಮತ್ತೊಮ್ಮೆ ಕರೆದರು. ಸಭೆಯಲ್ಲಿ ಗುಸುಗುಸು ಎದ್ದಿತು, ಕಣ್ಣುಗಳೆಲ್ಲ ಎದುರಿನ ಸಾಲಿಗೆ ತಿರುಗಿದವು. ಉಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎದ್ದು ಮೆಲ್ಲ ಮೆಲ್ಲ ನಾನಿದ್ದ ಮದುಮಗಳ ಕೋಣೆಯ ಬಾಗಿಲಿಗೆ ಬಂದರು.

"ನಾವು ಹೋಗ್ತೇವೆ ಮಗಳೇ. ನಮ್ಮಿಂದ ಹುಡುಗಿಗೆ ತೊಂದರೆ ಬೇಡ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಗೆದ್ದದ್ದು ಸಿಟ್ಟು.

"ನೀವು ಎದ್ದು ಹೋದ್ರೆ ಈ ಮದುವೆಯೇ ಇಲ್ಲ ಉಮ್ಮ. ಹೋಗಿ ಕೂತ್ಕೊಳ್ಳಿ," ಎಂದೆ, ಅತ್ತ ಸಭಾಭವನದ ಬಾಗಿಲಲ್ಲಿ ಕೂತಿದ್ದ ಅಣ್ಣನಿಗೂ ಕೇಳುವ ಹಾಗೆ. ಅವರು ಕೂತ ಮೇಲೆ ಮಗಳ ಕೈ ಹಿಡಿದು ಹೊರಗೆ ಬಂದೆ. ಅವಳ ಹಿಡಿತ ಗಟ್ಟಿಯಿತ್ತು.

ನಮ್ಮ ನೆಂಟರ ಅಜ್ಜಿಯೊಬ್ಬರು ದಾರಿಗೆ ಅಡ್ಡ ಬಂದರು. "ಎಂತ ಇದು? ತಾಯಿ ಕರ್ಕೊಂಡು ಹೋಗುದು ನಮ್ಮಲ್ಲಿ ಉಂಟಾ?"

"ಇವತ್ತಿಂದ ಉಂಟು," ಎಂದು ನಡೆದೆ.