ಕುಂಕುಮ ಇಟ್ಟು ಕೊಟ್ಟ ಕೋಡ್

ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಹೊಸ ಆಪ್ ಒಂದು ಬಂತು. ಬಂತು ಅಂದರೆ ಎಲ್ಲರಿಗೂ ಅಲ್ಲ. ಒಳಗಿದ್ದವರು ಕೋಡ್ ಕೊಟ್ಟರೆ ಮಾತ್ರ ಪ್ರವೇಶ. ಒಳಗೆ ಹೋದವರಿಗೂ ಹಂಚಲು ಸಿಗುವುದು ಎರಡೇ ಕೋಡ್. ಕಟ್ಟಾಯದಿಂದ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಹಾಸನಕ್ಕೆ ಹೋಗಿ ಡಿಗ್ರಿ ಮಾಡಿದವನು ನಾನು, ನಮ್ಮ ವಂಶಕ್ಕೇ ಮೊದಲ ಪದವೀಧರ. ಇದರಲ್ಲಿ ಹಿಂದೆ ಬೀಳುವುದುಂಟೆ? ಆಫೀಸಿನಲ್ಲಿ ಒಬ್ಬರಿಗೆ ವಾರವೆಲ್ಲ ಕಾಫಿ ಕುಡಿಸಿ ಒಂದು ಗಿಟ್ಟಿಸಿದೆ.

ನನ್ನ ಪಾಲಿನ ಎರಡನ್ನು ಚನ್ನರಾಯಪಟ್ಟಣದ ಗೆಳೆಯನಿಗೊಂದು, ಹೆಂಡತಿಯ ತಮ್ಮನಿಗೊಂದು ಕೊಟ್ಟೆ. ಆ ಪುಣ್ಯಾತ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲೇ "ಥ್ಯಾಂಕ್ಸ್ ಭಾವ" ಅಂದುಬಿಟ್ಟ. ಹೊಳೆನರಸೀಪುರದಲ್ಲಿ ಅಂಗಡಿ ಇಟ್ಟಿರುವ ನನ್ನ ಅಕ್ಕನ ಗಂಡ ತಕ್ಷಣ ಗುಂಪು ಬಿಟ್ಟು ಹೋದರು. ಹಿಂದೆಯೇ ಅಕ್ಕನ ಫೋನ್.

"ಏನ್ಲಾ, ಓದಿದ್ದು ತಲೆಗತ್ತಿತಾ? ಎಂಡ್ತಿ ಕಡೆಯೋರಿಗೆ ಕೊಟ್ಬುಟ್ಟು ಇರೋ ಒಬ್ಬ ಅಳಿಯನ್ನ ಮರ್ತ್ಯಾ?"

"ಮದ್ವೆ ಪತ್ರಿಕೆ ಅಲ್ವಲ್ಲಕ್ಕಾ, ಮೊಬೈಲಿಂದು."

"ಕಳ್ಳೇಕಾಯಿ ಅಂಚಿದ್ರೂ ಅಳಿಯಂಗೆ ಮೊದ್ಲು ಕಣ್ಲಾ. ಭಾನುವಾರ ನಾವು ಬರಾಕಿಲ್ಲ ಅಂತವ್ರೆ."

ಭಾನುವಾರ ಹಾಸನದ ನಮ್ಮ ಮನೆಯಲ್ಲಿ ನನ್ನ ಮಗಳ ನಾಮಕರಣ. ಸೋದರತ್ತೆ ಮಡಿಲಲ್ಲಿಟ್ಟುಕೊಂಡು ಕಿವಿಯಲ್ಲಿ ಹೆಸರು ಹೇಳಬೇಕು. ನನಗಿರುವುದು ಒಬ್ಬಳೇ ಅಕ್ಕ.

ಚನ್ನರಾಯಪಟ್ಟಣದ ಗೆಳೆಯನನ್ನು ಕಾಡಿ ಬೇಡಿ ಅವನ ಪಾಲಿನ ಒಂದು ಕೋಡ್ ತರಿಸಿಕೊಂಡೆ. ವಾಟ್ಸಾಪಿನಲ್ಲಿ ಭಾವನಿಗೆ ಕಳಿಸಹೊರಟರೆ ಹೆಂಡತಿ ಕೈ ಹಿಡಿದಳು. "ಫೋನಲ್ಲಿ ಕಳ್ಸಿದ್ರೆ ಅದೂ ಒಂದು ಮರ್ಯಾದೇನಾ?" ಸರಿ, ಕೋಡನ್ನು ಕಾಗದದ ಮೇಲೆ ಬರೆದು, ಮೂಲೆಗಳಿಗೆ ಅರಿಶಿನ ಹಚ್ಚಿ, ತಟ್ಟೆ, ತೆಂಗಿನಕಾಯಿ, ಕುಂಕುಮದ ಬಟ್ಟಲು, ಮಗು ಎಲ್ಲ ಹೊತ್ತುಕೊಂಡು ಹೊಳೆನರಸೀಪುರದ ಬಸ್ ಹತ್ತಿದೆವು.

ಭಾವ ಕುಂಕುಮ ಇಡಿಸಿಕೊಂಡರು, ತಟ್ಟೆ ಮುಟ್ಟಲಿಲ್ಲ. "ನಂಗೂ ಗೊತ್ತು ಕಣಪ್ಪ ಅದೇನು ಅಂತ. ಆ ಆಪ್ನೋರತ್ರ ಮೊದ್ಲೇ ಎಸ್ರು ಬರೆಸಿ ಕಾಯ್ತಾ ಕೂತಿದ್ದೆ. ಬಾಮೈದ ಒಳಗವ್ನೆ, ಬಾಗ್ಲು ತೆಗೀತಾನೆ ಅಂತ."

ನಾನು ತಟ್ಟೆಯನ್ನು ಇನ್ನಷ್ಟು ಮುಂದೆ ಹಿಡಿದೆ. ಕೊನೆಗೆ ಭಾವ ಕಾಗದ ತೆಗೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿದರು. "ಲೇ, ಬುಡ್ತು ಕಣೇ ಒಳೀಕೆ!" ಎಂದು ಅಡುಗೆಮನೆಯತ್ತ ಕೂಗಿದವರೇ ಅರಕಲಗೂಡಿನ ತಮ್ಮ ಅಣ್ಣನಿಗೆ ಫೋನ್ ಮಾಡಿದರು.

"ಅಣ್ಣಾ, ನಿಂಗೊಂದು ಕೋಡ್ ಮಡಗಿವ್ನಿ. ಥೂ, ಫೋನಲ್ಲೆಲ್ಲ ಕೊಡಾಕಿಲ್ಲ, ಮನೆಗೇ ಬತ್ತೀವಿ. ಭಾನುವಾರವಾ? ಭಾನುವಾರ ಆಗಾಕಿಲ್ಲ ಕಣಣ್ಣ. ಆಸನಕ್ಕೆ ಓಗ್ಬೇಕು, ಮಗೀಗೆ ಎಸ್ರಿಡೋದೈತೆ."

ಅಡುಗೆಮನೆಯಿಂದ ಅಕ್ಕ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಗುವನ್ನು ಎತ್ತಿಕೊಂಡಳು.